ಕಾವೇರಿ ಇದೆ ಸರಿ, ನೀರು ಬರುತ್ತಾ?

ಹೋದ ತಿಂಗಳು ನಿವೃತ್ತ ಮೇಷ್ಟ್ರೊಬ್ಬರು ಹೆಂಡತಿಯನ್ನು ಕರೆದುಕೊಂಡು ನನ್ನ ಆಫೀಸಿಗೆ ಬಂದಿದ್ದರು. ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್. ಹಾಳೆಯ ನಡುವೆ ಸ್ಕೇಲ್ ಇಟ್ಟು ಗೆರೆ ಎಳೆದಿದ್ದರು. ಬೆಂಗಳೂರಿನಲ್ಲಿ ಮನೆ ಕೊಳ್ಳಲು ಎರಡು ಬಡಾವಣೆ ಹೋಲಿಸುತ್ತಿದ್ದರು: ಎಡಕ್ಕೆ ವಿಜಯನಗರ, ಬಲಕ್ಕೆ ರಾಜರಾಜೇಶ್ವರಿ ನಗರ. ಗಾಳಿ, ತರಕಾರಿ, ದೇವಸ್ಥಾನ, ಡಾಕ್ಟರು, ಮೆಟ್ರೋ, ಚದರಡಿ ರೇಟು, ಪ್ರತಿಯೊಂದಕ್ಕೂ ಹತ್ತಕ್ಕೆ ಇಷ್ಟು ಅಂತ ಅಂಕ. ನೀರಿನ ಸಾಲಿನಲ್ಲಿ ಮಾತ್ರ ಅಂಕ ಇರಲಿಲ್ಲ. ಎರಡೂ ಕಡೆ ಒಂದೇ ಮಾತು: "ಕಾವೇರಿ ಇದೆ."

ನಾನು ಸಿವಿಲ್ ಎಂಜಿನಿಯರ್. ಕೊಳ್ಳುವ ಮುಂಚೆ ಮನೆ ನೋಡಿ ಹೇಳುವುದು ನನ್ನ ಕೆಲಸ. "ಕಾವೇರಿ ಇದೆ" ಅನ್ನುವ ಮಾತು ಕೇಳಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಜೀವಮಾನದ ದುಡ್ಡು ಹಾಕುವವರು ಇಷ್ಟಕ್ಕೇ ಸಮಾಧಾನ ಮಾಡಿಕೊಳ್ಳುತ್ತಾರಲ್ಲ ಅಂತ.

ತಾಯಿಪತ್ರ, ಇಸಿ (ಋಣಭಾರ ಪತ್ರ), ಖಾತಾ, ಈ ಆಸ್ತಿ ಕಾಗದಗಳನ್ನು ವಕೀಲರ ಹತ್ತಿರ ತೋರಿಸಿಯೇ ಇರುತ್ತೀರಿ, ಅದಕ್ಕೆ ನಾನು ಬರುವುದಿಲ್ಲ. ಮೆಟ್ರೋ ಕೂಡ ಎರಡೂ ಕಡೆ ಒಂದೇ ನೇರಳೆ ಮಾರ್ಗ. ವಿಜಯನಗರಕ್ಕೆ 2015ರಲ್ಲಿ ಬಂತು, ಆರ್‌.ಆರ್. ನಗರಕ್ಕೆ 2021ರಲ್ಲಿ. ಆದರೆ ಆರ್‌.ಆರ್. ನಗರದ ನಿಲ್ದಾಣ ಇರುವುದು ಮೈಸೂರು ರಸ್ತೆಯಲ್ಲಿ. ಬಡಾವಣೆಯ ಒಳಗಿನ ಮನೆಯಿಂದ ಒಂದು ಸಲ ನಡೆದು ನೋಡಿ, ಗೊತ್ತಾಗುತ್ತದೆ.

ಈಗ ನೀರಿನ ವಿಷಯ. ಕಾವೇರಿ ಕನೆಕ್ಷನ್ ಇರುವುದು ಬೇರೆ, ಕಾವೇರಿ ನೀರು ಬರುವುದು ಬೇರೆ. ಕನೆಕ್ಷನ್ ಅಂದರೆ ಒಂದು ಪೈಪು, ಒಂದು ಮೀಟರು, ಒಂದು ಆರ್‌.ಆರ್. ನಂಬರು, ಅಂದರೆ ಬಿಲ್ಲಿನ ಗ್ರಾಹಕ ಸಂಖ್ಯೆ. ನೀರು ಬರುತ್ತೆ ಅಂದರೆ ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತಿಗೆ, ಎಷ್ಟು ಗಂಟೆ, ಸಂಪು ಎಷ್ಟು ತುಂಬುತ್ತದೆ ಅಂತ. ಮೊದಲನೆಯದನ್ನು ಕೇಳಿ ಎರಡನೆಯದೂ ಗೊತ್ತಾಯಿತು ಅಂದುಕೊಳ್ಳುತ್ತಾರೆ. ನಾನು ಎಷ್ಟು ಸಲ ಹೇಳಿದರೂ ಮತ್ತೆ ಅಲ್ಲಿಗೇ ಬರುತ್ತಾರೆ.

ಹೀಗೆ ಯಾಕೆ ಅಂತ ಹೇಳುತ್ತೇನೆ. ಈ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ಬರಬೇಕು. ದಾರಿಯಲ್ಲಿ ಮೂರು ಹಂತದಲ್ಲಿ ಪಂಪ್ ಮಾಡಿ ಸುಮಾರು 500 ಮೀಟರ್ ಮೇಲೆತ್ತುತ್ತಾರೆ. ಊರೊಳಗಿನ ಜಲಾಗಾರ ಸೇರಿದ ಮೇಲೆ ಒಂದೊಂದು ಭಾಗಕ್ಕೆ ಒಂದೊಂದು ಸರದಿ. ನೀರು ಬಿಡುವವರು ಬಂದು ರಸ್ತೆಯ ಗುಂಡಿಯ ಮುಚ್ಚಳ ತೆಗೆದು, ಉದ್ದನೆಯ ಕಬ್ಬಿಣದ ಕೀಲಿ ಇಳಿಸಿ ವಾಲ್ವ್ ತಿರುಗಿಸುತ್ತಾರೆ. ತಗ್ಗಿನ ಮನೆಗಳ ಸಂಪು ಮೊದಲು ತುಂಬುತ್ತದೆ. ಏರಿನ ತುದಿಯ ಮನೆಗೆ ನೀರು ಹತ್ತುವ ಹೊತ್ತಿಗೆ ವಾಲ್ವ್ ಮುಚ್ಚುವ ಸಮಯ ಬಂದಿರುತ್ತದೆ. ಆರ್‌.ಆರ್. ನಗರ ಏರು ತಗ್ಗಿನ ಜಾಗ. 2007ರಲ್ಲಿ ಬಿಬಿಎಂಪಿಗೆ ಸೇರುವ ತನಕ ಅದು ಬೇರೆಯೇ ನಗರಸಭೆ. ಅಲ್ಲಿ ಒಂದು ರಸ್ತೆಯ ಮಾತು ಪಕ್ಕದ ರಸ್ತೆಗೆ ಹೊಂದದೆ ಇರಬಹುದು.

ಹಾಗಂತ ವಿಜಯನಗರಕ್ಕೆ ಕಣ್ಣು ಮುಚ್ಚಿಕೊಂಡು ಹತ್ತಕ್ಕೆ ಹತ್ತು ಕೊಡಬೇಡಿ. 20x30 ಸೈಟಿನಲ್ಲಿ ನಾಲ್ಕು ಮಹಡಿ ಎಬ್ಬಿಸಿ, ಆರು ಬಾಡಿಗೆ ಮನೆಗಳಿಗೆ ಹಳೇ ಕಾಲದ ಒಂದೇ ಸಣ್ಣ ಸಂಪು ಇಟ್ಟಿರುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ನೀರು ಬಂದರೂ ಹಿಡಿದಿಡಲು ಜಾಗ ಬೇಕಲ್ವಾ?

ಮೇಷ್ಟ್ರು ಆರ್‌.ಆರ್. ನಗರದಲ್ಲಿ ಒಂದು ಮನೆ ಹೆಚ್ಚುಕಡಿಮೆ ಒಪ್ಪಿಬಿಟ್ಟಿದ್ದರು. ಏರಿನ ಮೇಲೆ, ಒಳ್ಳೆಯ ಗಾಳಿ. ಜೊತೆಗೆ ಹೋದೆ. ನೆಲ, ಗೋಡೆ ನೋಡುವ ಮೊದಲು ಸಂಪಿನ ಮುಚ್ಚಳ ತೆಗೆಸಿದೆ. ಸಂಪು ತುಂಬಿತ್ತು. ಮಾಲೀಕರು "ನೋಡಿ ಸಾರ್, ಕಾವೇರಿ" ಅಂದರು. ಬಗ್ಗಿ ಟಾರ್ಚ್ ಬಿಟ್ಟೆ. ಮೂಲೆಯಲ್ಲಿ ಕಾವೇರಿ ಪೈಪಿನ ಬಾಯಿ ಕಾಣಿಸಿತು. ಅದರ ಬಾಯಿಗೆ ಅಡ್ಡಲಾಗಿ ಜೇಡ ಬಲೆ ಕಟ್ಟಿತ್ತು. ಹಳೇ ಬಲೆ, ಧೂಳು ಹಿಡಿದು ಬೂದಿ ಬಣ್ಣಕ್ಕೆ ತಿರುಗಿತ್ತು. ಸಂಪಿನಲ್ಲಿದ್ದದ್ದು ಟ್ಯಾಂಕರ್ ನೀರು. ಮೇಷ್ಟ್ರಿಗೂ ಬಗ್ಗಿ ನೋಡಲು ಹೇಳಿದೆ. ನೋಡಿ ಎದ್ದವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನನಗೆ ಪಾಪ ಅನ್ನಿಸಿತು.

ಎಲ್ಲ ಸಂಪಿನಲ್ಲೂ ಜೇಡ ಸಾಕ್ಷಿ ಹೇಳುವುದಿಲ್ಲ. ಅದಕ್ಕೇ ನೀರಿನ ಬಿಲ್ ಕೇಳಿ. ಒಂದು ಸಾಲದು, ಮಾರ್ಚ್, ಏಪ್ರಿಲ್ ಸೇರಿ ಆರು ತಿಂಗಳದ್ದು. ಮೊತ್ತ ಬಿಡಿ, ಎಷ್ಟು ಸಾವಿರ ಲೀಟರ್ ಅಂತ ನೋಡಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ನಾವು ಲೆಕ್ಕ ಹಿಡಿಯುತ್ತೇವೆ. ನಾಲ್ಕು ಜನಕ್ಕೆ ತಿಂಗಳಿಗೆ ಸುಮಾರು 16,000 ಲೀಟರ್. ನಾಲ್ಕು ಜನ ವಾಸವಿದ್ದೂ ಬಿಲ್‌ನಲ್ಲಿ ಮೂರು ಸಾವಿರ ಇದ್ದರೆ ಮಿಕ್ಕ ನೀರು ಎಲ್ಲಿಂದ ಬಂತು ಅಂತ ಕೇಳಿ. ಬೋರ್ ಇರಬಹುದು, ಮೀಟರ್ ಕೆಟ್ಟಿರಬಹುದು, ಮನೆಯವರು ಊರಿಗೆ ಹೋಗಿರಬಹುದು. ಒಂದು ಬಿಲ್ ನೋಡಿ ತೀರ್ಪು ಕೊಡಬೇಡಿ. ಆದರೆ ಕೇಳಿ.

ಅಪಾರ್ಟ್‌ಮೆಂಟ್ ಆದರೆ ಸಂಘದವರ ಹತ್ತಿರ 2024ರ ಬೇಸಿಗೆಯ ಟ್ಯಾಂಕರ್ ಲೆಕ್ಕ ತೋರಿಸಿ ಅನ್ನಿ. ಆ ಮಾರ್ಚ್‌ನಲ್ಲಿ ಜಿಲ್ಲಾಡಳಿತ 12,000 ಲೀಟರ್ ಟ್ಯಾಂಕರಿಗೆ 5 ಕಿ.ಮೀ. ಒಳಗೆ 1,000 ರೂಪಾಯಿ ಅಂತ ದರ ಕಟ್ಟಿತ್ತು. ಇಪ್ಪತ್ತು ಮನೆಗೆ ದಿನಕ್ಕೆ ಒಂದು ಟ್ಯಾಂಕರ್ ಬೇಕು ಅಂದರೆ, ಆ ದರದಲ್ಲೇ ಮನೆಗೆ ತಿಂಗಳಿಗೆ 1,500 ರೂಪಾಯಿ. ಚದರಡಿಗೆ ನೂರು ಇನ್ನೂರು ಚೌಕಾಸಿ ಮಾಡುವವರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 2024ರ ಅಕ್ಟೋಬರಿನಲ್ಲಿ ಕಾವೇರಿ ನೀರಿನ ಯೋಜನೆಯ 5ನೇ ಹಂತ ಶುರುವಾಗಿ ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯ ಸೇರಿಕೊಂಡಿದೆ, ನಿಜ. ಅದು ಮುಖ್ಯವಾಗಿ 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಮಾಡಿದ್ದು. ನೀವು ನೋಡಿದ ಮನೆಗೆ ಅದರಿಂದ ಏನು ಬದಲಾಗಿದೆ ಅಂತ ಆ ಮನೆಯ ಬಿಲ್ಲೇ ಹೇಳಬೇಕು. ಸರದಿ ಬದಲಾಗುತ್ತಿರುತ್ತದೆ. ಇವತ್ತು ಬಂದ ನೀರು ಮುಂದಿನ ವರ್ಷವೂ ಹೀಗೇ ಬರುತ್ತದೆ ಅಂತ ನಾನು ಬರೆದುಕೊಡಲಾರೆ.

ಇದನ್ನೆಲ್ಲ ಕೇಳಿ ಕೆಲವರು ತೀರಾ ತಗ್ಗಿನ ಮನೆ ಹುಡುಕಲು ಹೊರಡುತ್ತಾರೆ. ಅದೂ ಬೇಡ. ಅಲ್ಲಿಗೆ ಮಳೆ ನೀರೂ ಮೊದಲೇ ಬರುತ್ತದೆ. ಒಂದು ಜೋರು ಮಳೆ ಬಂದ ಸಂಜೆ ಹೋಗಿ ರಸ್ತೆ ನೋಡಿ. ಕಾಂಪೌಂಡಿನ ಮೇಲೆ ಕೆಸರಿನ ಗೆರೆ ಇದೆಯಾ ನೋಡಿ. ಭಾನುವಾರ ಹನ್ನೊಂದು ಗಂಟೆಗೆ ಹೋದರೆ ಎಲ್ಲ ಏರಿಯಾನೂ ಚೆನ್ನಾಗೇ ಕಾಣುತ್ತದೆ.

ಅವತ್ತು ಆ ಮನೆ ಬಿಟ್ಟು ಎರಡು ರಸ್ತೆ ಕೆಳಗೆ ಇನ್ನೊಂದನ್ನು ನೋಡಲು ಹೋದೆವು. ನಾನು ಸಂಪು, ಮೀಟರು ನೋಡುತ್ತಿದ್ದೆ. ಮೇಷ್ಟ್ರ ಮನೆಯವರು ಸುಮ್ನೆ ಪಕ್ಕದ ಗೇಟಿನ ಹತ್ತಿರ ಹೋಗಿ, ರಂಗೋಲಿ ಇಡುತ್ತಿದ್ದವರನ್ನು ಕೇಳಿದರು: "ನೀವು ಬೆಡ್‌ಶೀಟು ಒಗೆಯೋದು ಯಾವತ್ತಮ್ಮಾ?"

"ನೀರು ಬಿಟ್ಟ ದಿನ ಆಂಟಿ. ಮಂಗಳವಾರ, ಶುಕ್ರವಾರ. ಈ ಬೇಸಿಗೇಲಿ ಒಂದೆರಡು ಶುಕ್ರವಾರ ತಪ್ಪಿತ್ತು ಅಷ್ಟೇ."

ಇಷ್ಟು ವರ್ಷ ಈ ಕೆಲಸ ಮಾಡಿದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಮೇಷ್ಟ್ರು ನೋಟ್‌ಬುಕ್ ತೆಗೆದರು. ಬಲಗಡೆಯ "ಕಾವೇರಿ ಇದೆ" ಹೊಡೆದುಹಾಕಿ, ಅದರ ಪಕ್ಕ ದುಂಡಗೆ "ಮಂಗಳ, ಶುಕ್ರ" ಅಂತ ಬರೆದರು.