ಮಳೆ ತಡೆದದ್ದು ಗಾಳಿಯಂತ್ರವಲ್ಲ, ಸಹ್ಯಾದ್ರಿ

ಗದಗ, ಕೊಪ್ಪಳ, ಬಾಗಲಕೋಟೆ ಸೀಮೆಯ ಯಾವುದಾದರೂ ಊರಿಗೆ ಗಾಳಿ ವಿದ್ಯುತ್ ಕಂಪನಿಯವರು ಬಂದು ಗುಡ್ಡ ನೋಡಿಕೊಂಡು ಹೋದರೆಂದರೆ, ಅವತ್ತು ಸಂಜೆಯೇ ಕಟ್ಟೆಯ ಮೇಲೆ ಎರಡು ಮಾತು ಶುರುವಾಗುತ್ತವೆ. ಎಕರೆಗೆ ಎಷ್ಟು ಕೊಡುತ್ತಾರಂತೆ ಎಂಬುದು ಒಂದು. ಗಾಳಿಯಂತ್ರದ ಫ್ಯಾನು ನೆಟ್ಟರೆ ಮೋಡ ಚದುರಿ ಮಳೆ ಹೋಗುತ್ತದಂತೆ ಎಂಬುದು ಇನ್ನೊಂದು. ಮೊದಲನೆಯದು ಸರಿಯಾದ ಪ್ರಶ್ನೆ, ಅದನ್ನು ಇನ್ನೂ ಗಟ್ಟಿಯಾಗಿ, ಇನ್ನೂ ವಿವರವಾಗಿ ಕೇಳಬೇಕು. ಎರಡನೆಯದರ ಮೇಲೆ ನನಗೆ ತೀರದ ಅಸಮಾಧಾನವಿದೆ. ಮೋಡದ ವಾದದಲ್ಲೇ ಗ್ರಾಮಸಭೆಯ ಹೊತ್ತು ಕಳೆದುಹೋಗುತ್ತದೆ. ರೈತನಿಗೆ ನ್ಯಾಯವಾಗಿ ಬರಬೇಕಾದ ದುಡ್ಡಿನ ಮಾತು ಆಡಲು ಯಾರಿಗೂ ಪುರಸೊತ್ತು ಉಳಿಯುವುದಿಲ್ಲ.

ಈ ನಂಬಿಕೆ ಬಲಿತ ಕಾಲವನ್ನು ನೋಡಿ. 2001ರಿಂದ ಮೂರು ವರ್ಷ ಕರ್ನಾಟಕದಲ್ಲಿ ಬೆನ್ನುಬೆನ್ನಿಗೆ ಬರ ಬಿತ್ತು. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಸಾಲಾಗಿ ಬಿಳಿ ಕಂಬಗಳು ಏಳತೊಡಗಿದ್ದೂ ಹೆಚ್ಚುಕಡಿಮೆ ಆಗಲೇ. ಮಹಾರಾಷ್ಟ್ರದ ಸಾಂಗ್ಲಿ, ಸಾತಾರಾ ಕಡೆಯೂ ಬರ ಮತ್ತು ಫ್ಯಾನು ಒಟ್ಟಿಗೇ ಬಂದವು, ಅಲ್ಲಿಯೂ ಇದೇ ದೂರು ಎದ್ದಿತು. ಕಣ್ಣಿಗೆ ಹೊಸದಾಗಿ ಕಂಡದ್ದು ಕಂಬ, ಕೈಕೊಟ್ಟದ್ದು ಮಳೆ. ಎರಡಕ್ಕೂ ಗಂಟು ಬಿತ್ತು. ಆದರೆ 2002ರಲ್ಲಿ ಇಡೀ ದೇಶದ ಮುಂಗಾರೇ ವಾಡಿಕೆಗಿಂತ ಸುಮಾರು ಶೇ 19ರಷ್ಟು ಕಡಿಮೆಯಾಗಿತ್ತು. ಒಂದು ಫ್ಯಾನನ್ನೂ ಕಾಣದ ಜಿಲ್ಲೆಗಳೂ ಒಣಗಿದ್ದವು. ಇನ್ನೂ ಹಿಂದಕ್ಕೆ ಹೋದರೆ 1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರ ಮೈಸೂರು ಸಂಸ್ಥಾನದ ಹತ್ತಿರ ಹತ್ತಿರ ಐದರಲ್ಲೊಂದು ಪಾಲು ಜನರನ್ನು ನುಂಗಿತ್ತು. ಅದಕ್ಕೂ ಮೊದಲು 1791-92ರಲ್ಲಿ ದಖ್ಖನ್ನಿನಲ್ಲಿ ಬಿದ್ದ ಬರಕ್ಕೆ ಜನ ಡೋಗಿ ಬರ ಎಂದರು, ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದವೆಂದು. ಆಗ ಗುಡ್ಡದ ಮೇಲೆ ಏನು ತಿರುಗುತ್ತಿತ್ತು?

ಹಾಗಾದರೆ ಗಾಳಿಯಂತ್ರ ಇರುವಲ್ಲೆಲ್ಲ ಮಳೆ ಕಡಿಮೆ ಎಂಬುದು ಸುಳ್ಳೇ? ಸುಳ್ಳಲ್ಲ. ಇಲ್ಲಿಯೇ ಇರುವುದು ಈ ವಿಷಯದ ಸೊಗಸು. ಇವೆರಡೂ ಒಂದೇ ತಾಯಿಯ ಮಕ್ಕಳು, ಆ ತಾಯಿ ಸಹ್ಯಾದ್ರಿ.

ಮುಂಗಾರಿನ ಪಡುವಣ ಗಾಳಿ ಅರಬ್ಬಿ ಸಮುದ್ರದಿಂದ ನೀರಾವಿ ಹೊತ್ತು ಬಂದು ಘಟ್ಟಕ್ಕೆ ಡಿಕ್ಕಿ ಹೊಡೆಯುತ್ತದೆ. ಮೇಲೇರಲೇಬೇಕು; ಏರಿದಂತೆ ತಣಿಯುತ್ತದೆ, ತಣಿದಂತೆ ಆವಿ ಹನಿಯಾಗಿ ಸುರಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆಯಾಗುವುದು ಹೀಗೆ. ಘಟ್ಟ ದಾಟಿ ಇಳಿಯುವ ಗಾಳಿ ಬಿಸಿಯಾಗುತ್ತದೆ, ಅದರಲ್ಲಿ ಉಳಿದ ತೇವ ಮೋಡವಾಗಲು ಒಪ್ಪುವುದಿಲ್ಲ. ಆಗುಂಬೆಯಿಂದ ನೇರ ಅಳತೆಯಲ್ಲಿ 200 ಕಿಲೋಮೀಟರ್ ಒಳಗಿರುವ ಚಳ್ಳಕೆರೆಯಲ್ಲಿ ಮಳೆ 500 ಮಿಲಿಮೀಟರ್ ಮುಟ್ಟುವುದೇ ಕಷ್ಟ. ಆದರೆ ನೀರು ಕಳೆದುಕೊಂಡ ಗಾಳಿ ವೇಗವನ್ನು ಕಳೆದುಕೊಂಡಿಲ್ಲ. ಜುಲೈ ತಿಂಗಳಲ್ಲಿ ನಮ್ಮ ಪರ್ಯಾಯ ದ್ವೀಪದ ಮೇಲೆ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ರಭಸದ ಪಡುವಣ ಗಾಳಿಯ ಹೊಳೆಯೊಂದು ಹರಿಯುತ್ತದೆ ಎಂದು ಪಿ.ವಿ. ಜೋಸೆಫ್ ಮತ್ತು ಪಿ.ಎಲ್. ರಾಮನ್ ಎಂಬ ನಮ್ಮದೇ ಹವಾಮಾನ ವಿಜ್ಞಾನಿಗಳು 1966ರಲ್ಲಿ ತೋರಿಸಿಕೊಟ್ಟರು. ಆಷಾಢದಲ್ಲಿ ಹೆಂಚು ಹಾರಿಸುವ, ಪಂಚೆ ನಿಲ್ಲಗೊಡದ ಗಾಳಿಗೂ ಅದಕ್ಕೂ ಸಂಬಂಧವಿದೆ.

ಈ ಗಾಳಿಗೆ ಎದುರಾಗಿ ನಿಂತಿರುವುದು ಚಿತ್ರದುರ್ಗದ ಗುಡ್ಡಗಳು ಮತ್ತು ಕಪ್ಪತಗುಡ್ಡ. ಎರಡೂ ಬೇರೆ ಬೇರೆ ಜಿಲ್ಲೆಯವಾದರೂ ಗದಗದಿಂದ ತೆಂಕಣಕ್ಕೆ ಶ್ರೀರಂಗಪಟ್ಟಣದ ಕಡೆಗೆ ಚಾಚಿರುವ, 250 ಕೋಟಿ ವರ್ಷಗಳಿಗೂ ಹಳೆಯ ಒಂದೇ ಶಿಲಾಪಟ್ಟಿಗೆ ಸೇರಿದವು. ಪಟ್ಟಿ ಬಡಗಣ-ತೆಂಕಣವಾಗಿದೆ, ಗಾಳಿ ಪಡುವಣದಿಂದ ಬರುತ್ತದೆ. ಗುಡ್ಡದ ನೆತ್ತಿಯ ಏಣಿನ ಮೇಲೆ ಹತ್ತಿ ದಾಟುವಾಗ ಗಾಳಿ ಇಕ್ಕಟ್ಟಾಗಿ ಇನ್ನಷ್ಟು ಬಿರುಸಾಗುತ್ತದೆ. ಎಂಜಿನಿಯರುಗಳು ಅಂಥ ಜಾಗ ಹುಡುಕಿಕೊಂಡೇ ಬಂದರು. ಮಳೆ ಕಡಿಮೆಯಿದ್ದ, ಗಾಳಿ ಜಾಸ್ತಿಯಿದ್ದ ಕಡೆಗೇ ಯಂತ್ರ ಬಂದು ನಿಂತಿತು. ಯಂತ್ರ ಬಂದದ್ದರಿಂದ ಮಳೆ ಕಡಿಮೆಯಾಯಿತು ಎನ್ನುವುದು ಕಾರಣವನ್ನೂ ಪರಿಣಾಮವನ್ನೂ ಅದಲುಬದಲು ಮಾಡಿದಂತೆ.

ಇಷ್ಟಕ್ಕೇ ಒಪ್ಪದವರಿಗೆ ಒಂದು ಲೆಕ್ಕ. ಒಂದು ಚದರ ಕಿಲೋಮೀಟರ್ ಜಾಗದ ಮೇಲೆ ಒಂದೇ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು 10 ಲಕ್ಷ ಲೀಟರ್ ನೀರು. ಅಷ್ಟು ಆವಿ ಹನಿಯಾಗುವಾಗ ಬಿಡುಗಡೆಯಾಗುವ ಶಾಖವನ್ನು ಕರೆಂಟಿನ ಲೆಕ್ಕದಲ್ಲಿ ಹೇಳಿದರೆ ಸುಮಾರು 7 ಲಕ್ಷ ಯೂನಿಟ್. ಎರಡು ಮೆಗಾವಾಟ್‌ನ ಒಂದು ಗಾಳಿಯಂತ್ರ ತನ್ನ ಸಾಮರ್ಥ್ಯದ ಶೇ 30ರಷ್ಟು ದುಡಿದರೂ ಅಷ್ಟು ಯೂನಿಟ್ ಹುಟ್ಟಿಸಲು ಒಂದೂವರೆ ತಿಂಗಳು ಬೇಕು. ಬರೀ ಒಂದು ಮಿಲಿಮೀಟರ್ ತುಂತುರಿನ ಮಾತಿದು! ಮುಂಗಾರಿನ ಪಡುವಣ ಗಾಳಿಯ ಪದರ ಐದಾರು ಕಿಲೋಮೀಟರ್ ದಪ್ಪ. ಇಂದಿನ ದೊಡ್ಡ ಯಂತ್ರದ ಅಲಗಿನ ತುದಿ 200 ಮೀಟರ್ ಆಸುಪಾಸು ತಲುಪಿ ಸುಸ್ತಾಗುತ್ತದೆ. ಅಂಥ ಹೊಳೆಯನ್ನು ತಿರುಗಿಸುವ ಶಕ್ತಿ ಇದಕ್ಕೆ ಎಲ್ಲಿಂದ ಬರಬೇಕು?

ಮನೆಯ ಫ್ಯಾನು ಕರೆಂಟು ತೆಗೆದುಕೊಂಡು ಗಾಳಿ ಕೊಡುತ್ತದೆ, ಇದು ಗಾಳಿಯಿಂದ ವೇಗ ತೆಗೆದುಕೊಂಡು ಕರೆಂಟು ಕೊಡುತ್ತದೆ. ಇದು ಯಾವ ಮೋಡವನ್ನೂ ಊದುವುದಿಲ್ಲ. ಗಾಳಿಯಲ್ಲಿರುವ ಆವಿಯನ್ನು ಮುಟ್ಟುವುದೂ ಇಲ್ಲ. ಯಂತ್ರಗಳಿಂದ ಸುತ್ತಲ ಹವೆಗೆ ಏನೂ ಆಗುವುದೇ ಇಲ್ಲ ಎಂದೂ ನಾನು ಹೇಳುವುದಿಲ್ಲ. ರಾತ್ರಿ ನೆಲದ ಬಳಿ ತಂಪು ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿ ಪದರಪದರವಾಗಿ ಇರುತ್ತದೆ. ಅಲಗುಗಳು ಎರಡನ್ನೂ ಕಲಸುವುದರಿಂದ ನೆಲ ಕೊಂಚ ಬೆಚ್ಚಗಾಗುತ್ತದೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಉಪಗ್ರಹದ ಅಳತೆಗಳಿಂದ ಇದನ್ನು ಕಂಡುಕೊಂಡು 2012ರಲ್ಲಿ ಪ್ರಕಟಿಸಿದರು. ಅದು ಯಂತ್ರಗಳ ಆಸುಪಾಸಿನ ನೆಲದ ಮಾತು, ಜಿಲ್ಲೆಯ ಮಳೆಯದಲ್ಲ.

ಇನ್ನು ಕಣ್ಣಾರೆ ಕಂಡ ಸಾಕ್ಷಿ. ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ, ಅಂದರೆ ಹಿರಿಯೂರಿನವರ ಮಾರಿಕಣಿವೆ, 1933ರ ನಂತರ ಕೋಡಿ ಬಿದ್ದಿರಲೇ ಇಲ್ಲ. 2022ರ ಸೆಪ್ಟೆಂಬರಿನಲ್ಲಿ ಬಿತ್ತು. ಭದ್ರೆಯಿಂದ ಹರಿಸಿದ ನೀರೂ ಅದರಲ್ಲಿತ್ತು, ಆದರೆ ಕೊನೆಗೆ ಕಟ್ಟೆ ತುಂಬಿಸಿದ್ದು ಮಳೆ. ಅಷ್ಟು ಹೊತ್ತಿಗೆ ಚಿತ್ರದುರ್ಗ ಜಿಲ್ಲೆಯ ಗುಡ್ಡಗಳ ತುಂಬ ಫ್ಯಾನುಗಳೇ. ಮೋಡ ಓಡಿಸುವವು ಆ ವರ್ಷ ಯಾಕೆ ಸುಮ್ಮನಿದ್ದವು? ಅನುಮಾನ ಇನ್ನೂ ಉಳಿದಿದ್ದರೆ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕ ಇಟ್ಟಿದೆ. ಫ್ಯಾನಿರುವ ಪಂಚಾಯಿತಿಯ ಅಂಕಿಯನ್ನು ಪಕ್ಕದ, ಫ್ಯಾನಿಲ್ಲದ ಪಂಚಾಯಿತಿಯ ಅಂಕಿಯ ಜೊತೆ ಇಟ್ಟು ನೋಡುವುದು ಹೈಸ್ಕೂಲು ಮಕ್ಕಳೂ ಮಾಡಬಹುದಾದ ಕೆಲಸ. ಮಾಡಿಸಬೇಕು.

ಮೋಡದ ಮಾತು ಸಾಕು. ಯಂತ್ರ ಗಾಳಿಯಿಂದ ಎಷ್ಟು ಕಸಿಯಬಲ್ಲದು ಎಂಬುದು ಅದಕ್ಕಿಂತ ರುಚಿಯಾದ ಪ್ರಶ್ನೆ. 120 ಮೀಟರ್ ವ್ಯಾಸದ ಚಕ್ರದ ಮೂಲಕ, ಗಾಳಿ ಸೆಕೆಂಡಿಗೆ 8 ಮೀಟರ್ ಬೀಸುವಾಗ, ಹಾದುಬರುವ ಗಾಳಿಯ ತೂಕ ಪ್ರತಿ ಸೆಕೆಂಡಿಗೆ ಸುಮಾರು 100 ಟನ್. ಅದರ ಶಕ್ತಿಯನ್ನೆಲ್ಲ ಹಿಂಡಿಬಿಡೋಣ ಎಂದರೆ ಗಾಳಿ ಅಲಗಿನ ಹಿಂದೆಯೇ ಪೂರ್ತಿ ನಿಂತುಬಿಡಬೇಕು. ನಿಂತರೆ ಹಿಂದಿನಿಂದ ಬರುವ ಗಾಳಿಗೆ ಜಾಗವೆಲ್ಲಿ? ಅದು ಚಕ್ರವನ್ನು ಬಳಸಿಕೊಂಡು ಹೋಗುತ್ತದೆ. ಹಿಂದಿನ ಕಾಲದ ಸಂತೆಯ ಸುಂಕದ ಹಾಗೆ: ವಿಪರೀತ ಸುಂಕ ಹಾಕಿದರೆ ವ್ಯಾಪಾರಿಗಳು ಆ ದಾರಿಯನ್ನೇ ಬಿಟ್ಟು ಬೇರೆ ಊರಿನ ಸಂತೆಗೆ ಗಾಡಿ ತಿರುಗಿಸುತ್ತಿದ್ದರು, ಹಾಕದೇ ಇದ್ದರೆ ಬೊಕ್ಕಸಕ್ಕೇನೂ ಬರುತ್ತಿರಲಿಲ್ಲ. ಎಲ್ಲಿ ನಿಲ್ಲಿಸಿದರೆ ಹೆಚ್ಚು ಲಾಭ? ಜರ್ಮನಿಯ ಗ್ಯೋಟಿಂಗೆನ್‌ನಲ್ಲಿದ್ದ ಆಲ್ಬರ್ಟ್ ಬೆಟ್ಜ್ ನೂರು ವರ್ಷಗಳ ಹಿಂದೆ ಈ ಲೆಕ್ಕ ಬಿಡಿಸಿದರು. ಗಾಳಿಯ ವೇಗವನ್ನು ಮೂರನೇ ಒಂದಕ್ಕೆ ಇಳಿಸಿ ಬಿಟ್ಟುಬಿಡಬೇಕು. ಆಗ ಹಾದುಹೋಗುವ ಗಾಳಿಯ ಶಕ್ತಿಯಲ್ಲಿ ಒಂಬತ್ತರಲ್ಲಿ ಎಂಟು ಪಾಲು ಸಿಗುತ್ತದೆ. ಆದರೆ ಚಕ್ರದೊಳಗೆ ಹಾಯುವುದು ಮೊದಲು ಬರುತ್ತಿದ್ದ ಗಾಳಿಯ ಮೂರರಲ್ಲಿ ಎರಡು ಪಾಲು ಮಾತ್ರ. ಎರಡನ್ನೂ ಗುಣಿಸಿದರೆ 27ರಲ್ಲಿ 16, ಅಂದರೆ ಶೇ 59.3. ಇದಕ್ಕಿಂತ ಹೆಚ್ಚು ಪಡೆಯುವ ಗಾಳಿಯಂತ್ರವನ್ನು ಯಾವ ಎಂಜಿನಿಯರೂ ಕಟ್ಟಲಾರ. ಗಾಳಿಯನ್ನು ಪೂರ್ತಿ ನಿಲ್ಲಿಸುವ ಯಂತ್ರಕ್ಕೆ ಒಂದು ಯೂನಿಟ್ಟೂ ದಕ್ಕುವುದಿಲ್ಲ ಎಂಬುದನ್ನು ಮೋಡದ ಮಾತಾಡುವವರು ಸ್ವಲ್ಪ ಯೋಚಿಸಬೇಕು.

ರೈತನಿಗೆ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು ನಿಯಮ. ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟು. ವೇಗದಲ್ಲಿ ಬರೀ ಶೇ 10 ಹೆಚ್ಚಿದರೆ ಶಕ್ತಿಯಲ್ಲಿ ಶೇ 33 ಹೆಚ್ಚು. ತಗ್ಗಿನ ಹೊಲಕ್ಕೂ ಏಣಿನ ಮೇಲಿನ ಹೊಲಕ್ಕೂ ಕಂಪನಿಯ ಲೆಕ್ಕದಲ್ಲಿ ಅಷ್ಟು ಅಂತರ. ಜೋಳಕ್ಕೆ ಆಗದ, ಕಲ್ಲು ತುಂಬಿದ ದಿಬ್ಬವೆಂದು ರೈತ ಅಗ್ಗಕ್ಕೆ ಕೊಟ್ಟುಬಿಡುವ ತುಂಡೇ ಅವರಿಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಕಂಪನಿ ಮೊದಲು ಒಂದು ಸಪೂರ ಕಂಬ ನೆಟ್ಟು, ಅದರ ಮೇಲೆ ಗಿರಗಿರ ತಿರುಗುವ ಬಟ್ಟಲುಗಳನ್ನು ಕಟ್ಟಿ ವರ್ಷಗಟ್ಟಲೆ ಅಳೆಯುವುದು ಈ ಶೇ 10ಕ್ಕಾಗಿಯೇ. ಆ ಅಂಕಿ ಅವರ ಕಂಪ್ಯೂಟರಿನಲ್ಲಿರುತ್ತದೆ, ಹೊಲದ ಯಜಮಾನನಿಗೆ ಅದರ ಸುಳಿವೂ ಇರುವುದಿಲ್ಲ. ಈ ದೇಶದ ಗಾಳಿಯನ್ನು ಅಳೆದು ಎಲ್ಲರಿಗೂ ಸಿಗುವಂತೆ ಮಾಡಿದವರಲ್ಲಿ ಮೊದಲು ನೆನೆಯಬೇಕಾದವರು ಅನ್ನಾ ಮಣಿ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಬಳಿ ಕಲಿತು, ಹವಾಮಾನ ಇಲಾಖೆಯಲ್ಲಿ ದುಡಿದು 1976ರಲ್ಲಿ ನಿವೃತ್ತರಾದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ದೇಶದ ಉದ್ದಗಲಕ್ಕೂ ಗಾಳಿಯ ಸಮೀಕ್ಷೆ ಮಾಡಿಸಿದರು, ಗಾಳಿ ಬಿಸಿಲು ಅಳೆಯುವ ಉಪಕರಣ ತಯಾರಿಸುವ ಸಣ್ಣ ಕಾರ್ಖಾನೆಯೊಂದನ್ನು ಬೆಂಗಳೂರಿನಲ್ಲೇ ನಡೆಸಿದರು. ಯಾವ ಊರಿನ ಗುಡ್ಡ ಎಷ್ಟು ಬೆಲೆಯದು ಎಂಬ ಅರಿವು ಆ ಊರಿನವರಿಗೂ ಇರಬೇಕಲ್ಲವೇ?

ಇಷ್ಟಾಗಿ ಯಂತ್ರ ಬಂದರೆ ರೈತನಿಗೆ ಲಾಭವೇನು ಎಂದು ಕೇಳಿದರೆ ನೇರ ಉತ್ತರ: ಲಾಭವಿದೆ, ಆದರೆ ತಾನಾಗಿ ಬರುವುದಿಲ್ಲ. ಕಂಬದ ಬುಡ, ಕ್ರೇನ್ ನಿಲ್ಲುವ ಜಾಗ, ದಾರಿ ಎಲ್ಲ ಸೇರಿ ಒಂದು ಯಂತ್ರಕ್ಕೆ ಎರಡು ಮೂರು ಎಕರೆ ಬೇಕು. ಯಂತ್ರಗಳ ನಡುವೆ ಚಕ್ರದ ವ್ಯಾಸದ ಐದಾರು ಪಟ್ಟು ಅಂತರ ಬಿಡುತ್ತಾರೆ, ಆ ಇಡೀ ಹೊಲದಲ್ಲಿ ಹೆಸರು, ಕಡಲೆ, ಮೆಣಸಿನಕಾಯಿ ಎಂದಿನಂತೆ ಬೆಳೆಯಬಹುದು. ಎರೆಭೂಮಿಯಲ್ಲಿ ಮಳೆ ಬಿದ್ದ ಮೇಲೆ ಎತ್ತಿನ ಕಾಲೂ ಏಳುವುದಿಲ್ಲ; ಯಂತ್ರ ಸಾಗಿಸಲು ಮಾಡುವ ಗಟ್ಟಿ ದಾರಿ ಅಲ್ಲಿಯ ರೈತರಿಗೆ ನಿಜವಾದ ಉಪಕಾರ. ಅದೇ ದಾರಿಯ ಕೆಳಗೆ ಪೈಪು ಹಾಕದಿದ್ದರೆ ಮೇಲಿನ ಹೊಲದ ನೀರು ನಿಂತು ಬೆಳೆ ಕೊಳೆಯುತ್ತದೆ. ಕೆಲಸದ ವಿಷಯದಲ್ಲಿ ದೊಡ್ಡ ಆಸೆ ಬೇಡ: ಕಟ್ಟುವಾಗ ನೂರಾರು ಜನ, ಆಮೇಲೆ ಕಾವಲುಗಾರರು ಮತ್ತು ಕೆಲವು ಐಟಿಐ ಹುಡುಗರು. ಶಾಲೆಗೆ ಬೆಂಚು, ಗುಡಿಗೆ ಬಣ್ಣ ಕೊಡಿಸಿದರೆಂದು ಹಿಗ್ಗುವುದೂ ಬೇಡ. ಉಡುಗೊರೆ ಬೇರೆ, ಪಾಲು ಬೇರೆ.

ಪಾಲು ಹೇಗಿರಬಹುದು ಎಂಬುದಕ್ಕೆ ಪಾವಗಡವೇ ಒಂದು ಮಾದರಿ. ಅಲ್ಲಿಯ ಸೌರ ಪಾರ್ಕಿಗೆ ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ, ಪಹಣಿಯಲ್ಲಿ ಹೆಸರು ರೈತನದೇ. ಉಳುಮೆಯನ್ನೂ ಉಳಿಸುವ ಗಾಳಿಯಂತ್ರಕ್ಕೆ ಗುತ್ತಿಗೆ ಇನ್ನೂ ಚೆನ್ನಾಗಿ ಒಗ್ಗುತ್ತದೆ. ಡೆನ್ಮಾರ್ಕಿನವರು ಇದಕ್ಕೂ ಮುಂದೆ ಹೋದರು. ಅಲ್ಲಿ ಪೌಲ್ ಲಾ ಕೂರ್ ಎಂಬ ಮೇಷ್ಟರು 1891ರಲ್ಲಿ ಆಸ್ಕೋವ್ ಎಂಬ ಹಳ್ಳಿಯ ಶಾಲೆಯಲ್ಲಿ ಗಾಳಿಯಿಂದ ಕರೆಂಟು ತೆಗೆದು, ಮುಂದೆ ಅದರಿಂದ ನೀರನ್ನು ಒಡೆದು, ಸಿಕ್ಕ ಜಲಜನಕದಲ್ಲಿ ಶಾಲೆಯ ದೀಪ ಉರಿಸಿದವರು. ಹಳ್ಳಿಯ ಹುಡುಗರಿಗೆ ವಿದ್ಯುತ್ ಕೆಲಸ ಕಲಿಸಿದವರು. ಆ ಬೇರಿನಿಂದಲೇ ಸಹಕಾರಿ ಗಾಳಿಯಂತ್ರಗಳು ಚಿಗುರಿದವು. ಈ ಶತಮಾನದ ಹೊಸ್ತಿಲಿಗೆ ಲಕ್ಷಕ್ಕೂ ಹೆಚ್ಚು ಕುಟುಂಬಗಳು ಯಂತ್ರಗಳಲ್ಲಿ ಷೇರು ಹೊಂದಿದ್ದವು. ಯಂತ್ರದಿಂದ ನಾಲ್ಕೂವರೆ ಕಿಲೋಮೀಟರ್ ಒಳಗಿನವರಿಗೆ ಕನಿಷ್ಠ ಶೇ 20 ಪಾಲನ್ನು ಕೊಳ್ಳಲು ಕರೆಯಲೇಬೇಕೆಂಬ ಕಾನೂನು 2009ರಿಂದ 2020ರವರೆಗೆ ಜಾರಿಯಲ್ಲಿತ್ತು.

ಇದು ನಮಗೆ ಆಗದ ಮಾತು ಎನ್ನುವವರು ಗದಗ ತಾಲ್ಲೂಕಿನ ಕಣಗಿನಹಾಳವನ್ನು ನೆನೆಯಲಿ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಸಹಕಾರ ಸಂಘ ಅಲ್ಲಿಯದು, ಏಷ್ಯಾದಲ್ಲೇ ಮೊದಲನೆಯದೆಂದು ಹೆಸರಾದದ್ದು. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ ಮನೆ ಮನೆಗೆ ಕರೆಂಟು ಕೊಡುವುದೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘ, 1969ರಿಂದ. ಸಹಕಾರವೂ ನಮಗೆ ಗೊತ್ತು, ಕರೆಂಟೂ ಗೊತ್ತು, ಗಾಳಿಯಂತೂ ಇದೆ.

ಅದಕ್ಕೆ ಹೊತ್ತು ಈಗಲೇ. ಕಪ್ಪತಗುಡ್ಡದ ಮೇಲೆ ಕರ್ನಾಟಕ ವಿದ್ಯುತ್ ನಿಗಮ ಹಿಂದೆ ನಿಲ್ಲಿಸಿದ ಯಂತ್ರಗಳು 225 ಮತ್ತು 230 ಕಿಲೋವಾಟ್‌ನವು. ಈಗಿನ ಮೂರು ಮೆಗಾವಾಟ್ ಯಂತ್ರವೊಂದು ಅಂಥ 13ಕ್ಕೆ ಸಮ. ಇಪ್ಪತ್ತೈದು ವರ್ಷದ ಆಯುಷ್ಯ ಮುಗಿಸುತ್ತಿರುವ ಹಳೆಯ ಯಂತ್ರಗಳನ್ನು ಕಿತ್ತು ಅದೇ ಗಾಳಿಗೆ ದೊಡ್ಡವನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2023ರಲ್ಲಿ ಹೊಸ ನೀತಿ ತಂದಿದೆ. ಅಂದರೆ ಹಳೆಯ ಗಾಳಿ ಊರುಗಳಲ್ಲಿ ಕರಾರು ಪತ್ರಗಳು ಮತ್ತೆ ಮೇಜಿನ ಮೇಲೆ ಬರಲಿವೆ. ಹೊಸ ಊರುಗಳ ಗ್ರಾಮಸಭೆಗೆ ಬರುವ ಪತ್ರದಲ್ಲಿಯೂ ಇವಿಷ್ಟು ಇವೆಯೇ ಎಂದು ಓದಿಸಿ ಕೇಳಬೇಕು: ಮಾರಾಟವೋ ಗುತ್ತಿಗೆಯೋ, ಗುತ್ತಿಗೆಯಾದರೆ ಎಷ್ಟು ವರ್ಷಕ್ಕೊಮ್ಮೆ ಏರಿಕೆ, ಪಂಚಾಯಿತಿಗೆ ವರ್ಷಕ್ಕೆಷ್ಟು, ಅಳೆದ ಗಾಳಿಯ ವೇಗ ಎಷ್ಟು, ಮನೆಗಳಿಂದ ಕಂಬಕ್ಕೆ ದೂರ ಎಷ್ಟು, ಯಂತ್ರ ಹಳತಾದ ಮೇಲೆ ಅದನ್ನು ಬಿಚ್ಚಿ ಬುಡದ ಕಾಂಕ್ರೀಟು ಒಡೆದು ಹೊಲವನ್ನು ಮೊದಲಿನಂತೆ ಮಾಡಿಕೊಡುವ ಖರ್ಚು ಯಾರದು, ಆ ದುಡ್ಡನ್ನು ಇವತ್ತೇ ಬ್ಯಾಂಕಿನಲ್ಲಿ ಠೇವಣಿ ಇಡುತ್ತಾರೆಯೇ.