ಉದ್ದದ ಫೋನ್ ಮಾತು, ಕಿರುಬೆರಳಿನ ಜೋಮು

ಭಾನುವಾರ ಸಂಜೆ ಅಮ್ಮನ ಫೋನ್ ಬಂತೆಂದರೆ ಮುಕ್ಕಾಲು ಗಂಟೆ ಖಾತ್ರಿ. ಅಡಿಕೆ ಕೊಯ್ಲು, ಪಕ್ಕದ ಮನೆಯ ಕರು, ನನ್ನ ಊಟ ಎಲ್ಲ ಮುಗಿದ ಮೇಲೂ "ಮತ್ತೆ?" ಅಂತ ಇನ್ನೊಂದು ಸುತ್ತು. ಹೋದ ತಿಂಗಳು ಒಂದು ದಿನ ಫೋನ್ ಇಟ್ಟಾಗ ಎಡಗೈಯ ಕಿರುಬೆರಳು, ಉಂಗುರ ಬೆರಳು ಎರಡಕ್ಕೂ ಜೋಮು ಹಿಡಿದಿತ್ತು. ಉಳಿದ ಮೂರು ಬೆರಳು ಸರಿಯಾಗೇ ಇದ್ದವು.

ಕಾರಣ ಇರುವುದು ಮೊಣಕೈಯಲ್ಲಿ. ಮೊಣಕೈ ಎಲ್ಲಾದರೂ ತಗುಲಿದರೆ ಕರೆಂಟ್ ಹೊಡೆದ ಹಾಗಾಗುತ್ತದೆ, ಅಲ್ವಾ? ಅಲ್ಲಿ ಮೂಳೆಯ ಸಂದಿಯಲ್ಲಿ, ಚರ್ಮಕ್ಕೆ ತೀರಾ ಹತ್ತಿರ, ಅಲ್ನಾರ್ ಎಂಬ ನರ ಹಾದುಹೋಗುತ್ತದೆ. ಫೋನ್ ಕಿವಿಗಿಟ್ಟು ಕೈ ಮಡಚಿಕೊಂಡೇ ಕೂತರೆ ಆ ನರ ಬಿಗಿಯುತ್ತದೆ, ಸಂದಿ ಇಕ್ಕಟ್ಟಾಗುತ್ತದೆ, ನರಕ್ಕೆ ರಕ್ತ ಕಡಿಮೆಯಾಗುತ್ತದೆ. ಕಿರುಬೆರಳು ಮತ್ತು ಉಂಗುರ ಬೆರಳಿನ ಅರ್ಧಭಾಗದ ಸ್ಪರ್ಶ ತಿಳಿಸುವುದು ಇದೇ ನರ. ಅದಕ್ಕೇ ಜೋಮು ಅಷ್ಟು ಲೆಕ್ಕವಿಟ್ಟು ಅಲ್ಲಿಗೇ ಬರುತ್ತದೆ. ಇದಕ್ಕೆ 'ಸೆಲ್‌ಫೋನ್ ಎಲ್ಬೋ' ಎಂಬ ಹೆಸರೇ ಇದೆ. ಕೈ ಚಾಚಿದರೆ ಸಾಮಾನ್ಯವಾಗಿ ಹೋಗುತ್ತದೆ. ದಿನಾ ಬರುತ್ತಿದ್ದರೆ, ಹಿಡಿತ ಸಡಿಲವಾದರೆ ಡಾಕ್ಟರಿಗೆ ತೋರಿಸಲೇಬೇಕು.

ಫೋನ್ ಅಂದರೆ ಜನ ಜಾಸ್ತಿ ಹೆದರುವುದು ಮೆದುಳಿನ ಕ್ಯಾನ್ಸರಿಗೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಫೋನ್ ಕಳಿಸುವಂಥ ರೇಡಿಯೋ ಅಲೆಗಳನ್ನು 'ಕ್ಯಾನ್ಸರ್ ತರಬಹುದು' ಎಂಬ ಪಟ್ಟಿಗೆ ಸೇರಿಸಿದ್ದು ನಿಜ. ಆದರೆ ಅದೇ ಸಂಸ್ಥೆ ಮಾಡಿಸಿದ, 2024ರಲ್ಲಿ ಪ್ರಕಟವಾದ ದೊಡ್ಡ ಪರಿಶೀಲನೆಯಲ್ಲಿ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ. ಈ ಅಲೆಗಳಿಗೆ ಡಿಎನ್ಎ ಮುರಿಯುವಷ್ಟು ಶಕ್ತಿಯಿಲ್ಲ. ಒಂದು ಮಾತ್ರ ಗೊತ್ತಿರಲಿ: ಸಿಗ್ನಲ್ ಒಂದೇ ಕಡ್ಡಿ ಇದ್ದರೆ, ದೂರದ ಟವರ್ ಮುಟ್ಟಲು ಫೋನ್ ಜಾಸ್ತಿ ಜೋರಿನಲ್ಲಿ ಅಲೆ ಕಳಿಸುತ್ತದೆ, ಬಿಸಿಯೂ ಆಗುತ್ತದೆ. ನಮ್ಮ ಮಲೆನಾಡಿನ ಮನೆಯಲ್ಲಿ ಇದು ದಿನದ ಪಾಡು. ಅಮ್ಮ ಸಿಗ್ನಲ್ ಸಿಗುವ ಅಂಗಳದ ಮೂಲೆಗೆ ಬಂದು ಮಾತಾಡುವುದು ಒಳ್ಳೆಯದೇ.

ಹಾಗಂತ ಮಾತು ಮೊಟಕು ಮಾಡಿ ಮೆಸೇಜಿಗೆ ಇಳಿಯಬೇಕೆ? ಬೇಡವೇ ಬೇಡ. 2010ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 7ರಿಂದ 12 ವರ್ಷದ ಹುಡುಗಿಯರನ್ನು ಅಪರಿಚಿತರೆದುರು ನಿಲ್ಲಿಸಿ ಭಾಷಣ, ಲೆಕ್ಕ ಮಾಡಿಸಿದರು. ಪಾಪ, ಎಲ್ಲರಿಗೂ ಗಾಬರಿ. ಆಮೇಲೆ ಕೆಲವರನ್ನು ಅಮ್ಮ ಬಂದು ಅಪ್ಪಿಕೊಂಡರು. ಕೆಲವರಿಗೆ ಅಮ್ಮನ ಫೋನ್ ಮಾತ್ರ. ಇನ್ನು ಕೆಲವರಿಗೆ ಸುಮ್ನೆ ಒಂದು ಸಿನಿಮಾ ತೋರಿಸಿದರು. ಅಪ್ಪುಗೆ ಸಿಕ್ಕವರಲ್ಲೂ ಫೋನ್ ಸಿಕ್ಕವರಲ್ಲೂ ನಂಟು ಬೆಸೆಯುವ ಹಾರ್ಮೋನು ಆಕ್ಸಿಟೋಸಿನ್ ಹೆಚ್ಚುಕಡಿಮೆ ಒಂದೇ ಸಮ ಏರಿತು. ಒತ್ತಡದ ಹಾರ್ಮೋನು ಕಾರ್ಟಿಸಾಲ್ ಬೇಗ ಇಳಿಯಿತು. ಎರಡು ವರ್ಷದ ನಂತರ ಅಮ್ಮನಿಂದ ಬರೀ ಮೆಸೇಜ್ ಮಾಡಿಸಿ ನೋಡಿದರು. ಅದರಿಂದ ಆ ಸಮಾಧಾನ ಬರಲಿಲ್ಲ. ಅಂದರೆ ಕೆಲಸ ಮಾಡಿದ್ದು ದನಿ.

ಆ ದನಿ ಈಗ ಮೊದಲಿಗಿಂತ ಚೆನ್ನಾಗಿಯೂ ಕೇಳುತ್ತದೆ. ಹಳೆಯ ಫೋನು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನಷ್ಟೇ ದಾಟಿಸುತ್ತಿತ್ತು. 4ಜಿ ಕರೆ 7000ದವರೆಗೂ ಹೋಗುತ್ತದೆ.

ಈಗ ನಾನು ಇಯರ್‌ಫೋನ್ ಹಾಕಿಕೊಂಡು ಕೂರುತ್ತೇನೆ. ಕೈ ಖಾಲಿ. ಮೊನ್ನೆ ಮಾತಿನ ಮಧ್ಯೆ ಅಮ್ಮ ಕೇಳಿದರು, "ಏನದು ಪಟಪಟ? ಅವರೆಕಾಯಿ ಸುಲೀತಿದ್ಯಾ?"