ನವೆಂಬರ್‌ನಲ್ಲಿ ಬರುವ ಮಕ್ಕಳು

ಯಾದಗಿರಿ, ರಾಯಚೂರು ಕಡೆಯಿಂದ ಗುಳೆ ಬಂದವರು ಬೆಂಗಳೂರಿನ ಅಂಚಿನಲ್ಲಿ ತಗಡಿನ ಶೆಡ್ ಹಾಕಿಕೊಳ್ಳುವುದು ಸುಗ್ಗಿ ಮುಗಿದ ಮೇಲೆ. ಅಷ್ಟೊತ್ತಿಗೆ ಶಾಲೆಯಲ್ಲಿ ದಾಖಲಾತಿ ಮುಗಿದು ಅರ್ಧ ವರ್ಷ ಕಳೆದಿರುತ್ತದೆ.

ನಾನು ಎಚ್‌ಎಂ (ಮುಖ್ಯ ಶಿಕ್ಷಕ) ಆದ ಹೊಸದರಲ್ಲಿ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ರೇಷನ್ ಕಾರ್ಡ್ ಒಂದೇ ಇತ್ತು. "ಟಿಸಿ ತಗೊಂಡು ಬನ್ನಿ" ಅಂದೆ. "ಊರಿಗ್ ಹೋಗಿ ಬರ್ಲಾಕ ನಾಕ್ ದಿನದ ಪಗಾರ ಹೋಗ್ತದ್ರಿ ಸರ" ಅಂದರು. ಹೋದವರು ಮತ್ತೆ ಬರಲಿಲ್ಲ. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದು ಆಗಲೇ ಎರಡು ವರ್ಷ. ಟಿಸಿ ತಡ ಆಯಿತು ಅಂತ ದಾಖಲಾತಿ ನಿಲ್ಲಿಸುವ ಹಾಗಿಲ್ಲ ಎಂದು ಅದರ 5ನೇ ಸೆಕ್ಷನ್ ನೇರವಾಗಿ ಹೇಳುತ್ತದೆ. ವಯಸ್ಸಿನ ದಾಖಲೆ ಇಲ್ಲ ಅಂತಲೂ ವಾಪಸ್ ಕಳಿಸುವಂತಿಲ್ಲ, ಅದು 14ನೇ ಸೆಕ್ಷನ್. ಸುತ್ತೋಲೆ ನನ್ನ ಬೀರುವಿನಲ್ಲೇ ಇತ್ತು. ಓದಿರಲಿಲ್ಲ, ಅಷ್ಟೇ.

ಆಮೇಲೆ ನಾನೇ ಒಂದು ನಿಯಮ ಮಾಡಿಕೊಂಡೆ. ಬಂದ ಮಗು ಮೊದಲು ತರಗತಿಯಲ್ಲಿ ಕೂರಬೇಕು, ಮಧ್ಯಾಹ್ನ ಊಟ ಮಾಡಬೇಕು, ಕಾಗದ ನನ್ನ ತಲೆನೋವು. ಹೆಸರು ದಾಖಲಾಗದ ಮಗುವಿಗೆ ಅಕ್ಕಿ ಲೆಕ್ಕ ಹೇಗೆ ತೋರಿಸೋದು ಅಂತ ಸಹೋದ್ಯೋಗಿಗಳು ಕೇಳುತ್ತಿದ್ದರು. ಪ್ರಾಥಮಿಕ ಹಂತದಲ್ಲಿ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ. ಅಡುಗೆಯವರು ಒಂದು ಸೌಟು ಆಚೀಚೆ ಮಾಡಿದರೆ ಸರಿಹೋಗುವ ಲೆಕ್ಕ ಅದು.

ನಿಜವಾದ ತೊಡಕು ಬೇರೆ ಕಡೆ ಇದೆ. ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಯ ದಾಖಲೆ ಇಡುವ ಆನ್‌ಲೈನ್ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿ ಮಗುವಿನ ಹೆಸರು ಊರಿನ ಶಾಲೆಯಲ್ಲೇ ಇರುತ್ತದೆ. ಅವರು ಬಿಡದೆ ನಾವು ತೆಗೆದುಕೊಳ್ಳಲು ಆಗದು. ಅವರು ಯಾಕೆ ಬಿಡುವುದಿಲ್ಲ? ಆರ್‌ಟಿಇ ಪ್ರಕಾರ ಒಂದರಿಂದ ಐದನೇ ಕ್ಲಾಸಿನವರೆಗೆ 60 ಮಕ್ಕಳಿಗೆ ಇಬ್ಬರು ಶಿಕ್ಷಕರು, 61 ಆದರೆ ಮೂವರು. ಆ ಒಂದು ಮಗು ಹೋದರೆ ಮೂರನೆಯವರು 'ಹೆಚ್ಚುವರಿ' ಆಗುತ್ತಾರೆ. ಹಾಗಾಗಿ ಮಗು ಇಲ್ಲಿ ಶೆಡ್ಡಿನಲ್ಲಿ ತಮ್ಮನನ್ನು ಆಡಿಸುತ್ತಿರುತ್ತದೆ, ಅಲ್ಲಿ ಹಾಜರಿ ಬೀಳುತ್ತಿರುತ್ತದೆ. ಆ ಎಚ್‌ಎಂಗಳನ್ನು ಬೈಯುವುದು ಸುಲಭ. ನಾನು ಅವರ ಜಾಗದಲ್ಲಿ ಇದ್ದಿದ್ದರೂ ಅದನ್ನೇ ಮಾಡುತ್ತಿದ್ದೆನೋ ಏನೋ. ಪತ್ರ ಬರೆದರೆ ಉತ್ತರ ಬರುವುದಿಲ್ಲ. ಫೋನ್ ಮಾಡಿ, ಊರು ಕೇರಿ, ಮಳೆ ಬೆಳೆ ಎಲ್ಲ ವಿಚಾರಿಸಿ, "ಯುಗಾದಿ ಆದಮೇಲೆ ವಾಪಸ್ ಕಳಿಸ್ತೀನಿ ಸರ್" ಅಂದರೆ ಬಹಳ ಸಲ ಕೆಲಸ ಆಗುತ್ತದೆ.

ಇನ್ನು ಕಲಿಕೆ. ಕಾಯ್ದೆ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಜೊತೆಗೆ ವಿಶೇಷ ತರಬೇತಿ ಕೊಡಬೇಕು. ಹಾಗೆ ಐದನೇ ಕ್ಲಾಸಿಗೆ ಬಂದ ಹುಡುಗನೊಬ್ಬನಿಗೆ ಒತ್ತಕ್ಷರ ಬರುತ್ತಿರಲಿಲ್ಲ. ಚಿಕ್ಕವರ ಜೊತೆ ಕೂರಿಸಿದರೆ ಮಾರನೇ ದಿನ ಬರುವುದಿಲ್ಲ ಅಂತ ಗೊತ್ತಿತ್ತು. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ಕಾರ್ಡ್‌ಗಳಿಂದ ಕಲಿಯುವ ನಲಿ-ಕಲಿ ಕೋಣೆಯ ಮೇಡಂ ಒಂದು ಉಪಾಯ ಮಾಡಿದರು. "ಸಣ್ಣವರಿಗೆ ಕಾರ್ಡ್ ಹಂಚೋಕೆ ನನಗೊಬ್ಬ ಬೇಕು, ನೀನು ಬರ್ತೀಯಾ?" ದಿನಾ ಒಂದು ಗಂಟೆ ಹೋದ. ಕಾರ್ಡ್ ಹಂಚಬೇಕಾದರೆ ಯಾವುದು ಯಾರದು ಅಂತ ಓದಲೇಬೇಕಲ್ವಾ. ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಅವನ ತಪ್ಪು ತಿದ್ದುತ್ತಿದ್ದಳು, ಇವನು ಸಿಟ್ಟು ಮಾಡಿಕೊಳ್ಳುತ್ತಿದ್ದ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ಪದ್ಧತಿ ಹೀಗೂ ಉಪಯೋಗಕ್ಕೆ ಬರುತ್ತದೆ ಅಂತ ನಮಗೆ ಯಾವ ತರಬೇತಿಯಲ್ಲೂ ಹೇಳಿರಲಿಲ್ಲ.

ಯುಗಾದಿ ಆಗಿ ವಾರಕ್ಕೆ ಅವನ ಮನೆಯವರು ಊರಿಗೆ ಹೊರಟರು. ರಾತ್ರಿ ರೈಲು. ಬೆಳಿಗ್ಗೆಯೇ ಟಿಸಿ ಕೇಳಿಕೊಂಡು ಬಂದ, ಅಮ್ಮ ಹೊರಗೆ ಬೇವಿನ ಮರದ ಕೆಳಗೆ ಗಂಟಿನ ಮೇಲೆ ಕೂತಿದ್ದರು. ಕಾಯಿಸಬಾರದು ಅಂತ ಅವಸರದಲ್ಲಿ ಬರೆದು, ಸೀಲ್ ಒತ್ತಿ ಕೈಗೆ ಕೊಟ್ಟೆ. ಹೋಗದೆ ಅಲ್ಲೇ ನಿಂತ. ತುಟಿ ಅಲ್ಲಾಡಿಸುತ್ತಾ ಮೇಲಿಂದ ಓದಿಕೊಂಡು ಬಂದು, ಕಾಗದವನ್ನು ತಿರುಗಿಸಿ ನನ್ನ ಮುಂದೆ ಇಟ್ಟ.

"ಸರ, ನನ್ ಹೆಸರಿನಾಗ ಒತ್ತು ಬಿಟ್ಟೀರಿ."